ನಮ್ಮ ಅಂಗಳಕ್ಕೆ ಯಾವ ಡೇ ಲಿಲಿ?

ಡೇ ಲಿಲಿಯ ಒಂದು ಹೂ ಬಾಳುವುದು ಒಂದೇ ದಿನ. ನಸುಕಿನಲ್ಲಿ ಅರಳಿದ್ದು ರಾತ್ರಿಯೊಳಗೆ ಮುದುಡುತ್ತದೆ. ಆದರೂ ನರ್ಸರಿಯವರು ಅದನ್ನು ‘ಬಹಳ ದಿನ ಹೂ ಬಿಡುವ ಗಿಡ’ ಎಂದೇ ಮಾರುತ್ತಾರೆ. ಎರಡೂ ಮಾತು ನಿಜ. ಅದು ಹೇಗೆ ಎಂಬುದು ತಿಳಿದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಮನೆಗಳಿಗೆ ಯಾವ ತಳಿ ತರಬೇಕು, ಯಾವುದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು ಎಂಬುದೂ ತಿಳಿಯುತ್ತದೆ. ಹೆಸರುವಾಸಿ ಗಿಡವನ್ನು ದುಡ್ಡು ಕೊಟ್ಟು ತಂದು, ಮೂರನೇ ವರ್ಷಕ್ಕೆ ‘ನಮ್ಮ ನೆಲಕ್ಕೆ ಇದು ಒಗ್ಗುವುದಿಲ್ಲ’ ಎಂದು ಕಿತ್ತು ಒಗೆಯುವವರು ಹಲವರು. ಹೆಚ್ಚಿನ ಸಲ ತಪ್ಪು ನೆಲದ್ದಲ್ಲ, ಆಯ್ಕೆಯದು.

ಮೊದಲು ಗಿಡದ ಪರಿಚಯ. ಲಿಲಿ ಎಂಬ ಹೆಸರಿದ್ದರೂ ಇದು ನಿಜವಾದ ಲಿಲಿಯಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಕುಲ ಹೆಮರೋಕ್ಯಾಲಿಸ್. ಇಂದಿನ ವರ್ಗೀಕರಣದ ಪ್ರಕಾರ ನಮ್ಮ ಮನೆಗಳ ಲೋಳೆಸರ ಇರುವ ಕುಟುಂಬಕ್ಕೇ ಸೇರಿದ್ದು. ತವರು ಚೀನಾ, ಕೊರಿಯಾ, ಜಪಾನ್. ನಿಶಿಗಂಧಕ್ಕೆ ಇರುವಂಥ ಗಡ್ಡೆ ಇದಕ್ಕಿಲ್ಲ. ಎಲೆಗಳು ಹುಟ್ಟುವ ಗಟ್ಟಿ ಬುಡ, ಅದರ ಕೆಳಗೆ ನೀರು ಮತ್ತು ಆಹಾರ ತುಂಬಿಕೊಂಡ ದಪ್ಪ ಬೇರುಗಳ ಗೊಂಚಲು, ಇಷ್ಟೇ ಅದರ ಆಸ್ತಿ. ಆ ಬೇರುಗಳ ಬಲದಿಂದಲೇ ನಾಲ್ಕು ದಿನ ನೀರು ತಪ್ಪಿದರೂ ಗಿಡ ಸಾಯುವುದಿಲ್ಲ. ಉದ್ದನೆಯ, ಬಾಗಿದ ಎಲೆಗಳ ನಡುವಿನಿಂದ ಎಲೆಯಿಲ್ಲದ ಹೂದಂಟು ಏಳುತ್ತದೆ. ಅದರ ತುದಿ ಕವಲೊಡೆದು ಮೊಗ್ಗು ಕಟ್ಟುತ್ತದೆ.

ದೀರ್ಘಕಾಲದ ಹೂವಿನ ಲೆಕ್ಕ ಇರುವುದು ಈ ದಂಟಿನಲ್ಲಿ. ಒಂದು ದಂಟಿನಲ್ಲಿ ಹದಿನೈದು ಮೊಗ್ಗುಗಳಿದ್ದು ದಿನಕ್ಕೊಂದು ತೆರೆದರೆ, ಆ ದಂಟು ಎರಡು ವಾರ ನಡೆಯಿತು. ಒಂದು ಬುಡದಿಂದ ಐದು ದಂಟುಗಳು ಹಿಂದೆಮುಂದೆ ಎದ್ದರೆ ಒಂದು ತಿಂಗಳು ದಾಟಿತು. ಸಾಮಾನ್ಯ ತಳಿಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಮುಂದಿನ ವರ್ಷದ ತನಕ ಅದು ಬರೀ ಹಸಿರು. ಕೆಲವು ತಳಿಗಳು ಮಾತ್ರ ಮೊದಲ ಸುತ್ತು ಮುಗಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡು ಅದೇ ವರ್ಷ ಮತ್ತೆ ಹೊಸ ದಂಟು ಎಬ್ಬಿಸುತ್ತವೆ. ಆ ಸುತ್ತು ಮುಗಿದರೆ ಮತ್ತೊಂದು. ಬೆಳೆಗಾರರು ‘ಮರುಹೂವಿನ ತಳಿ’ ಎನ್ನುವುದು ಇವನ್ನೇ. ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಒಂದು ಪಾಳಿಯವರು ಹೊರಬಿದ್ದಾಗ ಇನ್ನೊಂದು ಪಾಳಿಯವರು ಒಳಬಂದಿರುತ್ತಾರೆ, ಮಗ್ಗ ನಿಲ್ಲುವುದಿಲ್ಲ. ಡೇ ಲಿಲಿಯ ಮೊಗ್ಗುಗಳೂ ಹಾಗೆಯೇ. ಆದ್ದರಿಂದ ಈ ಗಿಡ ಕೊಳ್ಳುವಾಗ ಹೂ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ. ದಂಟಿಗೆ ಎಷ್ಟು ಮೊಗ್ಗು, ವರ್ಷಕ್ಕೆ ಎಷ್ಟು ಸುತ್ತು ದಂಟು ಎಂಬುದನ್ನೇ ಕೇಳಬೇಕು.

ಹೆಸರು ಮಾಡಿದ ಹಳದಿ ತಳಿ

ಈ ಗುಣವನ್ನು ಮನೆಮಾತಾಗಿಸಿದ ತಳಿ ‘ಸ್ಟೆಲ್ಲಾ ಡಿ ಓರೊ’. ಅಮೆರಿಕದ ಇಂಡಿಯಾನಾ ರಾಜ್ಯದ ವಾಲ್ಟರ್ ಜಾಬ್ಲೊನ್ಸ್ಕಿ ಎಂಬವರು ಅದನ್ನು ಬೆಳೆಸಿ 1975ರಲ್ಲಿ ನೋಂದಾಯಿಸಿದರು. ಗಿಡ ಒಂದಡಿಗೂ ಕಡಿಮೆ ಎತ್ತರ, ಹೂ ಮೂರು ಅಂಗುಲಕ್ಕೂ ಸಣ್ಣದು, ಬಣ್ಣ ಬಂಗಾರದ ಹಳದಿ, ಗಂಟಲು ಹಸಿರು. ಅಷ್ಟು ಚಿಕ್ಕ ಗಿಡ ಸುತ್ತಿನ ಮೇಲೆ ಸುತ್ತು ಹೂ ಬಿಡುವುದನ್ನು ಕಂಡು ಜನ ಬೆರಗಾದರು. 1985ರಲ್ಲಿ ಅದಕ್ಕೆ ಡೇ ಲಿಲಿ ಲೋಕದ ಅತಿ ದೊಡ್ಡ ಗೌರವವಾದ ಸ್ಟೌಟ್ ರಜತ ಪದಕ ಬಂತು. ಮುಂದೆ ಡ್ಯಾರೆಲ್ ಆ್ಯಪ್ಸ್ ಎಂಬ ತಳಿಗಾರರು ಸ್ಟೆಲ್ಲಾವನ್ನೇ ಸಂಕರಕ್ಕೆ ಬಳಸಿಕೊಂಡು ‘ಹ್ಯಾಪಿ ರಿಟರ್ನ್ಸ್’ ಎಂಬ ನಿಂಬೆಹಳದಿ ತಳಿಯನ್ನು 1986ರಲ್ಲಿ ಹೊರತಂದರು. ಇಂದು ನೋಂದಣಿಯಾದ ಡೇ ಲಿಲಿ ತಳಿಗಳ ಸಂಖ್ಯೆ ಒಂದು ಲಕ್ಷ ಮೀರಿದೆ.

ಆ ಪದಕ ಹೊತ್ತಿರುವ ಹೆಸರು ಆರ್ಲೊ ಬರ್ಡೆಟ್ ಸ್ಟೌಟ್ ಅವರದು. 1911ರಲ್ಲಿ ನ್ಯೂಯಾರ್ಕ್ ಸಸ್ಯೋದ್ಯಾನ ಸೇರಿದ ಈ ವಿಜ್ಞಾನಿ, ಹಳೆಯ ಕಿತ್ತಳೆ ಡೇ ಲಿಲಿ ಬೀಜ ಕಟ್ಟುವುದಿಲ್ಲವೇಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿದರು. ಸಾಮಾನ್ಯ ಡೇ ಲಿಲಿಗಳಲ್ಲಿ ವರ್ಣತಂತುಗಳ ಎರಡು ಕಟ್ಟು ಇದ್ದರೆ ಆ ಗಿಡದಲ್ಲಿ ಮೂರು ಕಟ್ಟು. ಅದಕ್ಕೇ ಅದು ಬಂಜೆ. ಬೀಜವಿಲ್ಲದಿದ್ದರೂ ಬುಡದಿಂದ ಬುಡಕ್ಕೆ ಒಡೆದು ಅದು ಜಗತ್ತೆಲ್ಲ ಹಬ್ಬಿದೆ. ಚೀನಾದ ನಾನ್ಕಿಂಗ್‌ನಲ್ಲಿ ಪಾಠ ಹೇಳುತ್ತಿದ್ದ ಆಲ್ಬರ್ಟ್ ಸ್ಟುವರ್ಡ್ ಎಂಬ ಸಸ್ಯವಿಜ್ಞಾನಿ ಕಳಿಸಿಕೊಟ್ಟ ಕಾಡು ಗಿಡಗಳಲ್ಲಿ ಗುಲಾಬಿ ಛಾಯೆಯದೂ ಒಂದಿತ್ತು. ಅದುವರೆಗೆ ಹಳದಿ, ಕಿತ್ತಳೆಗಳಲ್ಲೇ ತಿರುಗುತ್ತಿದ್ದ ಡೇ ಲಿಲಿಗೆ ಕೆಂಪು, ಗುಲಾಬಿಗಳ ಬಾಗಿಲು ತೆರೆದದ್ದು ಅಂಥ ಗಿಡಗಳಿಂದ. ಸ್ಟೌಟ್ ಅವರ ‘ಡೇಲಿಲೀಸ್’ ಗ್ರಂಥ 1934ರಲ್ಲಿ ಬಂತು.

ಬಣ್ಣದ ಕಥೆಯ ಮುಂದಿನ ಅಧ್ಯಾಯಕ್ಕೆ ನಮ್ಮ ಕಡೆಯ ಒಂದು ಕಾಡುಹೂವಿನ ನಂಟಿದೆ. ಶ್ರಾವಣ ಭಾದ್ರಪದದಲ್ಲಿ ಆಜರಾ, ರಾಧಾನಗರಿಯ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ಕಟುವಿಷವಿದೆ. ಅದೇ ರಾಸಾಯನಿಕ ಸಸ್ಯಕೋಶದ ವರ್ಣತಂತುಗಳನ್ನು ದುಪ್ಪಟ್ಟು ಮಾಡಬಲ್ಲದು ಎಂಬುದು 1937ರಲ್ಲಿ ಗೊತ್ತಾಯಿತು. ತಳಿಗಾರರು ಅದನ್ನು ಡೇ ಲಿಲಿಗೆ ಬಳಸಿ ಇಪ್ಪತ್ತೆರಡು ವರ್ಣತಂತುಗಳ ಗಿಡದಿಂದ ನಲವತ್ನಾಲ್ಕರ ಗಿಡ ಪಡೆದರು. ಇಂದು ಪ್ರದರ್ಶನಗಳಲ್ಲಿ ಕಾಣುವ ದಪ್ಪ ಎಸಳಿನ, ನಿರಿಗೆ ಅಂಚಿನ, ಗಾಢ ಬಣ್ಣದ ಡೇ ಲಿಲಿಗಳಲ್ಲಿ ಬಹಳಷ್ಟು ಈ ದಾರಿಯಲ್ಲಿ ಬಂದವು.

ಚಳಿಗಾಲದ ಪರೀಕ್ಷೆ

ಈಗ ನಮ್ಮ ಊರಿಗೆ ಬರೋಣ. ಸ್ಟೆಲ್ಲಾ ಇಷ್ಟು ಒಳ್ಳೆಯದಾದರೆ ಅದನ್ನೇ ತರಬಾರದೇಕೆ? ಉತ್ತರ ಚಳಿಗಾಲದಲ್ಲಿದೆ. ಡೇ ಲಿಲಿ ತಳಿಗಳಲ್ಲಿ ಎಲೆಯ ಸ್ವಭಾವದ ಮೇಲೆ ಮೂರು ಪಂಗಡ. ಚಳಿ ಬಂದಾಗ ಎಲೆ ಪೂರ್ತಿ ಒಣಗಿ ಬುಡ ನಿದ್ರೆಗೆ ಇಳಿಯುವವು ಒಂದು. ವರ್ಷವಿಡೀ ಹಸಿರಾಗಿಯೇ ಇರುವವು ಇನ್ನೊಂದು. ನಡುವಿನವು, ಅಂದರೆ ಅರೆಹಸಿರು, ಮೂರನೆಯದು. ಸ್ಟೆಲ್ಲಾ, ಹ್ಯಾಪಿ ರಿಟರ್ನ್ಸ್ ಎರಡೂ ನಿದ್ರೆಯ ಪಂಗಡದವು. ಹಿಮ ಬೀಳುವ ನಾಡಿನಲ್ಲಿ ಹುಟ್ಟಿದ ಈ ಪಂಗಡಕ್ಕೆ ಒಳ್ಳೆಯ ಚಳಿಯ ವಿಶ್ರಾಂತಿ ಬೇಕು. ಅದು ಸಿಕ್ಕರೆ ಎದ್ದ ಮೇಲೆ ಭರದಿಂದ ಹೂ ಬಿಡುತ್ತದೆ. ಸಿಗದಿದ್ದರೆ ಗಿಡ ಸರಿಯಾಗಿ ಮಲಗುವುದೂ ಇಲ್ಲ, ಸರಿಯಾಗಿ ಏಳುವುದೂ ಇಲ್ಲ; ಅನೇಕ ತಳಿಗಳು ವರ್ಷದಿಂದ ವರ್ಷಕ್ಕೆ ಸೊರಗಿ ಎಲೆ ತೆಳುವಾಗುತ್ತವೆ, ದಂಟು ಏಳುವುದೇ ಅಪರೂಪವಾಗುತ್ತದೆ.

ಕೊಲ್ಹಾಪುರದ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ ಹದಿನಾಲ್ಕು, ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮಗೆ ಶಾಲು ಹೊದೆಯುವಷ್ಟು ಚಳಿ. ಗಿಡದ ನಿದ್ರೆಗೆ ಸಾಲದ ಚಳಿ. ಹೀಗಾಗಿ ಅಮೆರಿಕದ ಉತ್ತರದಲ್ಲಿ ಪದಕ ಗೆದ್ದ ತಳಿ ಇಲ್ಲೂ ಹಾಗೆಯೇ ನಡೆದುಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ನಮಗೆ ಬೇಕಾದದ್ದು ಸದಾಹಸಿರು ಪಂಗಡದ, ಮರುಹೂವಿನ ತಳಿ. ಇಂಥವು ಹೆಚ್ಚಾಗಿ ರೂಪುಗೊಂಡದ್ದು ಫ್ಲೋರಿಡಾ, ಲೂಸಿಯಾನಾಗಳಂಥ ಬೆಚ್ಚನೆಯ, ಮಳೆ ಹೆಚ್ಚಿರುವ ರಾಜ್ಯಗಳಲ್ಲಿ. ಲೂಸಿಯಾನಾದ ಕೆನೆತ್ ಡ್ಯೂರಿಯೊ 1977ರಲ್ಲಿ ನೋಂದಾಯಿಸಿದ, ಬಿಳಿಗೆ ಹತ್ತಿರದ ‘ಜೋನ್ ಸೀನಿಯರ್’ ಈ ಬಗೆಯದು: ಎಲೆ ಸದಾಹಸಿರು, ಹೂ ಅಂಗೈಯಗಲ, ವರ್ಷದಲ್ಲಿ ಮತ್ತೆ ಅರಳುವ ಗುಣ.

ಆದರೆ ನಮ್ಮ ನರ್ಸರಿಗಳಲ್ಲಿ ಡೇ ಲಿಲಿ ತಳಿಯ ಹೆಸರಿನಿಂದ ಸಿಗುವುದು ಕಡಿಮೆ. ‘ಹಳದಿ’, ‘ಕೇಸರಿ’, ‘ಡಬಲ್’, ‘ಮರೂನ್’ ಎಂದು ಬಣ್ಣ ಹೇಳಿ ಕೊಡುತ್ತಾರೆ. ಹಾಗಿದ್ದಾಗ ಪಂಗಡ ಗುರುತಿಸುವುದು ಹೇಗೆ? ಇದಕ್ಕೆ ನಂಬಿಕೆಯ ಉಪಾಯವೆಂದರೆ ಸಂಕ್ರಮಣದ ಹೊತ್ತಿಗೆ ನರ್ಸರಿಗೆ ಹೋಗಿ ನೋಡುವುದು. ಆ ಚಳಿಯಲ್ಲೂ ಬುಡದ ನಡುವಿನಿಂದ ಹೊಸ ಎಳೆ ಎಲೆ ಏಳುತ್ತಿದ್ದರೆ ಅದು ನಮ್ಮ ಗಿಡ. ಎಲೆ ಹಣ್ಣಾಗಿ ನೆಲಕ್ಕೆ ಮಲಗಿದ್ದರೆ, ಹೂವಿನ ಚಿತ್ರ ಎಷ್ಟೇ ಚೆಂದವಿದ್ದರೂ ಬೇಡ. ಜೊತೆಗೆ ಹಳೆಯ ಒಣದಂಟುಗಳನ್ನೂ ನೋಡಿ: ಒಂದು ದಂಟು ಪೂರ್ತಿ ಒಣಗಿ, ಇನ್ನೊಂದು ಇನ್ನೂ ಹಸಿಯಾಗಿದ್ದರೆ ಆ ಗಿಡ ಬೇರೆ ಬೇರೆ ಸಮಯಕ್ಕೆ ಹೂ ಬಿಟ್ಟಿದೆ ಎಂದರ್ಥ. ನೆರೆಮನೆಯಲ್ಲಿ ವರ್ಷಗಳಿಂದ ಹೂ ಬಿಡುತ್ತಿರುವ ಬುಡದಿಂದ ಒಂದು ಸೀಳು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಅದು ಈ ಹವೆಯಲ್ಲಿ ಆಗಲೇ ಪಾಸಾದ ಗಿಡ.

ಪರನಾಡಿನ ಗಿಡವನ್ನು ಹೀಗೆ ಪರೀಕ್ಷಿಸಿ ಒಳಗೆ ಬಿಟ್ಟುಕೊಳ್ಳುವ ಪದ್ಧತಿ ಕೊಲ್ಹಾಪುರಕ್ಕೆ ಹೊಸದಲ್ಲ. ಶಾಹು ಮಹಾರಾಜರು ಪನ್ಹಾಳದ ಎತ್ತರದಲ್ಲಿ ಚಹಾ, ಕಾಫಿ ಬೆಳೆಸಿ ನೋಡಿದ್ದರು. ಇಲ್ಲಿನ ಕಾಡು, ಬಯಲಿನ ಸಸ್ಯಗಳನ್ನು ಒಂದೊಂದಾಗಿ ದಾಖಲಿಸಿದ ಕೊಲ್ಹಾಪುರ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಎಂ. ಎಂ. ಸರದೇಸಾಯಿ 2002ರಲ್ಲಿ ಹೊರತಂದರು. ಯಾವ ಗಿಡಕ್ಕೆ ಯಾವ ನೆಲ ಎಂದು ಕೇಳುವ ಅಭ್ಯಾಸ ಈ ಊರಿಗಿದೆ. ಅಂಗಳದ ಹೂಗಿಡಕ್ಕೂ ಅದೇ ಪ್ರಶ್ನೆ ಕೇಳಬೇಕು.

ಮೂರು ಊರು, ಮೂರು ನೆಲ

ಈ ಜಿಲ್ಲೆಯಲ್ಲಿ ಮಳೆಯ ಏರುಪೇರು ದೊಡ್ಡದು. ಪಶ್ಚಿಮದ ಗಗನಬಾವಡಾದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು. ಕೊಲ್ಹಾಪುರ ನಗರಕ್ಕೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಪೂರ್ವಕ್ಕೆ ಶಿರೋಳದ ಕಡೆ ಹೋದಂತೆ ಇನ್ನೂ ಕಡಿಮೆ. ಹಾಗಾಗಿ ಒಂದೇ ಸಲಹೆ ಎಲ್ಲರಿಗೂ ಹೊಂದುವುದಿಲ್ಲ.

ಕೊಲ್ಹಾಪುರದಲ್ಲಿ ಪಂಚಗಂಗಾ ತೀರದ ಮಣ್ಣು ಫಲವತ್ತಾದದ್ದು, ಆದರೆ ಜುಲೈನಲ್ಲಿ ವಾರಗಟ್ಟಲೆ ಒದ್ದೆಯಾಗಿರುತ್ತದೆ. ಡೇ ಲಿಲಿ ಮಳೆಗೆ ಹೆದರುವುದಿಲ್ಲ, ಬುಡದಲ್ಲಿ ನಿಂತ ನೀರಿಗೆ ಹೆದರುತ್ತದೆ. ನೆಲದಿಂದ ಮುಕ್ಕಾಲು ಅಡಿ ಏರಿಸಿದ ಮಡಿಯಲ್ಲಿ ನೆಟ್ಟರೆ ಬುಡ ಕೊಳೆಯುವುದಿಲ್ಲ. ಎರೆಮಣ್ಣಾದರೆ ಅರ್ಧದಷ್ಟು ಗರಸು ಅಥವಾ ದಪ್ಪ ಉಸುಕು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ಮಡಿ ಕಟ್ಟಬೇಕು.

ಇಚಲಕರಂಜಿಯಲ್ಲಿ ಸಮಸ್ಯೆ ಜಾಗದ್ದು, ನೀರಿನದು. ಮಗ್ಗದ ಸದ್ದಿನ ಓಣಿಗಳಲ್ಲಿ ಅಂಗಳವೆಂದರೆ ಮನೆ ಮುಂದಿನ ನಾಲ್ಕು ಕುಂಡ, ಇಲ್ಲವೇ ಮಾಳಿಗೆ. ಗಿಡ್ಡ ತಳಿಗಳು ಹನ್ನೆರಡು ಅಂಗುಲದ ಕುಂಡದಲ್ಲಿ ಚೆನ್ನಾಗಿ ಬಾಳುತ್ತವೆ. ನಳದ ನೀರು ದಿನ ಬಿಟ್ಟು ದಿನ ಬರುವ ಮನೆಗೆ ದಪ್ಪ ಬೇರಿನ ಈ ಗಿಡಕ್ಕಿಂತ ಅನುಕೂಲದ ಹೂಗಿಡ ಸಿಗುವುದು ಕಷ್ಟ. ಅಕ್ಕಿ, ಕಾಯಿಪಲ್ಯ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಸಾಬೂನಿನ ನೀರು, ಬಣ್ಣ ಹಾಕುವ ಘಟಕದ ಕಡೆಯಿಂದ ಹರಿದು ಬಂದ ನೀರು ಮಾತ್ರ ಬೇಡ. ಮಾಳಿಗೆಯ ಮೇಲೆ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕುಂಡ ಕಾದು ಬೇರು ಬೇಯುತ್ತದೆ. ಆ ಎರಡು ತಿಂಗಳು ಮಧ್ಯಾಹ್ನದ ನೆರಳು ಸಿಗುವ ಗೋಡೆಯ ಪಕ್ಕಕ್ಕೆ ಕುಂಡ ಸರಿಸಿ.

ಗಡಹಿಂಗ್ಲಜದವರು ಈ ಮೂರರಲ್ಲಿ ಭಾಗ್ಯವಂತರು. ಆಂಬೋಲಿಯಲ್ಲಿ ಹುಟ್ಟಿ ಆಜರಾ ದಾಟಿ ಬರುವ ಹಿರಣ್ಯಕೇಶಿಯ ಎರಡೂ ದಂಡೆಯಲ್ಲಿ ಕಬ್ಬು, ಮೆಣಸಿನಕಾಯಿ ಬೆಳೆಯುವ ನೆಲ. ಕನ್ನಡ, ಮರಾಠಿ ಎರಡೂ ಒಂದೇ ಅಂಗಳದಲ್ಲಿ ಆಡುವ ಊರುಗಳು. ಇನ್ನೂ ಹಿತ್ತಲು ಉಳಿಸಿಕೊಂಡ ಮನೆಗಳು. ಇಲ್ಲಿ ಗಿಡದ ಬುಡಕ್ಕೆ ಹೊದಿಸಲು ಕಬ್ಬಿನ ರವದಿಗೆ ಬರವಿಲ್ಲ. ಎರಡು ಅಂಗುಲ ದಪ್ಪಕ್ಕೆ ರವದಿ ಹಾಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಕಸ ಏಳುವುದಿಲ್ಲ, ಕೊಳೆತು ಗೊಬ್ಬರವೂ ಆಗುತ್ತದೆ. ಮಿರಗದ ಮಳೆ ಹಿಡಿಯುವ ಮೊದಲು ಬುಡದ ಸುತ್ತ ಒಂದು ಗೇಣು ಬಿಟ್ಟು ಅದನ್ನು ಸರಿಸಬೇಕು. ರವದಿಗೆ ಬೆಂಕಿ ಹಚ್ಚುವುದಕ್ಕಿಂತ ಇದು ಎಷ್ಟೋ ಲೇಸು.

ನೆಡುವುದು, ಪೋಷಿಸುವುದು

ನೆಡಲು ಒಳ್ಳೆಯ ಕಾಲ ದಸರೆಯಿಂದ ದೀಪಾವಳಿಯ ನಡುವೆ. ಮಳೆ ಹಿಂದೆ ಸರಿದಿರುತ್ತದೆ, ಮಣ್ಣಲ್ಲಿ ತೇವ ಇರುತ್ತದೆ, ಬಿಸಿಲು ಕಾಯುವ ಮೊದಲು ಬೇರಿಗೆ ನಾಲ್ಕು ತಿಂಗಳು ಸಿಗುತ್ತದೆ. ಮೇ ತಿಂಗಳ ಕಾದ ಮಣ್ಣಿನಲ್ಲಿ ಬುಡ ಒಡೆದರೆ ಗಾಯ ಮಾಗದೆ ಕೊಳೆಯುತ್ತದೆ. ಕುಳಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಬುಡ ಕೂರಿಸಿ, ಬೇರುಗಳನ್ನು ಸುತ್ತಲೂ ಇಳಿಬಿಟ್ಟು ಮಣ್ಣು ತುಂಬಿ. ಎಲೆ ಮತ್ತು ಬೇರು ಸೇರುವ ಜಾಗ ಮಣ್ಣಿನಡಿ ಒಂದು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಆಳಕ್ಕೆ ಹೂತ ಗಿಡ ಹೂ ಬಿಡಲು ಸತಾಯಿಸುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರಲಿ. ದಿನಕ್ಕೆ ಆರು ತಾಸು ಬಿಸಿಲು ಬೇಕೇ ಬೇಕು. ನೆರಳಿನಲ್ಲಿ ಎಲೆ ಸೊಂಪಾಗಿ ಬಂದು ಹೂ ಇಲ್ಲವಾಗುತ್ತದೆ.

ಮತ್ತೆ ಮತ್ತೆ ದಂಟು ಏಳಬೇಕಾದರೆ ಮೂರು ಕೆಲಸ ತಪ್ಪಬಾರದು. ಒಂದು, ಮೊಗ್ಗು ಕಟ್ಟುವಾಗ ಮತ್ತು ಮೊದಲ ಸುತ್ತು ಮುಗಿದ ಕೂಡಲೇ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ದಿನಾ ಚಿಮುಕಿಸುವ ನೀರು ಮೇಲುಮಣ್ಣಲ್ಲೇ ಉಳಿಯುತ್ತದೆ. ವಾರಕ್ಕೆರಡು ಸಲ ತುಂಬ ಕೊಡುವುದು ಮೇಲು. ಎರಡು, ಬೀಜ ಕಟ್ಟಲು ಬಿಡಬಾರದು. ಮುದುಡಿದ ಹೂವನ್ನು ಅದರ ಬುಡದ ಹಸಿರು ಗಂಟಿನ ಸಮೇತ ಮುರಿದು ತೆಗೆಯಿರಿ. ಕಾಯಿ ಬಲಿಯಲು ಹೋಗುವ ಶಕ್ತಿ ಮುಂದಿನ ದಂಟಿಗೆ ಉಳಿಯುತ್ತದೆ. ದಂಟು ಪೂರ್ತಿ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ. ಮೂರು, ಗೊಬ್ಬರ ಹಿತಮಿತವಾಗಿರಲಿ. ಯುರಿಯಾ ಸುರಿದರೆ ಬರೀ ಎಲೆ. ವರ್ಷಕ್ಕೆ ಎರಡು ಸಲ, ಮಳೆಗಾಲದ ಕೊನೆಗೆ ಮತ್ತು ಶಿವರಾತ್ರಿಯ ಹೊತ್ತಿಗೆ, ಬುಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು.

ಮೂರು ನಾಲ್ಕು ವರ್ಷಕ್ಕೆ ಬುಡ ದಟ್ಟವಾಗಿ ಹೂ ಕಡಿಮೆಯಾಗುತ್ತದೆ. ಆಗ ಇಡೀ ಬುಡ ಅಗೆದು, ಮಣ್ಣು ತೊಳೆದು, ಎರಡು ಮೂರು ಎಲೆಗುಚ್ಛಕ್ಕೆ ಒಂದರಂತೆ ಬಿಡಿಸಿ ನೆಡಬೇಕು. ಕೆಲವು ತಳಿಗಳಲ್ಲಿ ಹೂದಂಟಿನ ಗಂಟಿನಲ್ಲೇ ಪುಟ್ಟ ಸಸಿ ಹುಟ್ಟುತ್ತದೆ. ದಂಟಿನ ತುಂಡಿನ ಸಮೇತ ಕತ್ತರಿಸಿ ನೆಟ್ಟರೆ ಅದೂ ತಾಯಿಯಂತೆಯೇ ಬರುತ್ತದೆ. ಬೀಜದಿಂದ ಬಂದದ್ದು ಹಾಗಲ್ಲ, ತಾಯಿಯನ್ನು ಹೋಲುವ ಖಾತ್ರಿ ಇಲ್ಲ.

ರೋಗಗಳಲ್ಲಿ ತುಕ್ಕುರೋಗದ ಮೇಲೆ ಕಣ್ಣಿರಲಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅಂಥ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಹೊರಗೆ ಹಾಕಿ, ತಿಪ್ಪೆಗೆ ಹಾಕಬೇಡಿ. ಸಂಜೆ ಎಲೆಯ ಮೇಲೆ ನೀರು ಸುರಿಯದೆ ಬೆಳಿಗ್ಗೆ ಬುಡಕ್ಕೆ ಕೊಟ್ಟರೆ, ಗಿಡಗಳ ನಡುವೆ ಗಾಳಿಯಾಡಿದರೆ ಈ ರೋಗ ಹಬ್ಬುವುದು ಕಡಿಮೆ. ಬೇಸಿಗೆಯಲ್ಲಿ ಮೊಗ್ಗಿನೊಳಗೆ ನುಸಿ ಸೇರಿದರೆ ಎಸಳು ಮಚ್ಚೆಯಾಗಿ ಸೊಟ್ಟಗೆ ಅರಳುತ್ತದೆ. ಬೇವಿನೆಣ್ಣೆಯ ಸಿಂಪರಣೆ, ಕೆಟ್ಟ ಮೊಗ್ಗು ಕೀಳುವುದು ಮನೆಮಟ್ಟಿಗೆ ಸಾಕಾಗುತ್ತದೆ.

ನೋಡುವ ಹೊತ್ತು

‘ದೇವರಿಗೆ ಏರಸಾಕ ಬರ್ತೈತೇನ್ರಿ?’ ಹೊಸ ಹೂ ಕಂಡಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ಬೆಳಗಿನ ಪೂಜೆಗೆ ಅಗತ್ಯವಾಗಿ ಏರಿಸಿ. ಕಿತ್ತ ಹೂ ಸಂಜೆಯ ತನಕ ತಾಜಾ ಇರುತ್ತದೆ. ಆದರೆ ಮಾಲೆಗೆ, ಮಾರುಕಟ್ಟೆಗೆ ಇದು ಆಗುವುದಿಲ್ಲ. ಅಂಬಾಬಾಯಿ ಗುಡಿಯ ಮುಂದಿನ ಬುಟ್ಟಿಗಳಲ್ಲಿ ಚೆಂಡುಹೂ, ಸೇವಂತಿಗೆ, ನಿಶಿಗಂಧ ಇರುತ್ತವೆ, ಡೇ ಲಿಲಿ ಇರುವುದಿಲ್ಲ. ನಿನ್ನೆ ಕೊಯ್ದು ಇಂದು ಮಾರಲು ಬಾರದ ಹೂವಿಗೆ ಪೇಟೆಯಲ್ಲಿ ಬೆಲೆ ಇಲ್ಲ. ನನಗೆ ಇದರಲ್ಲಿ ಕೊರತೆ ಕಾಣುವುದಿಲ್ಲ. ಅದರ ಚೆಲುವನ್ನು ಕೊಳ್ಳಲು ಆಗುವುದಿಲ್ಲ, ಬೆಳೆದೇ ಪಡೆಯಬೇಕು. ಸಣ್ಣ ಮನೆಯವರಿಗೂ ಬಂಗಲೆಯವರಿಗೂ ಅದು ಸಿಗುವುದು ಒಂದೇ ಬಗೆಯಲ್ಲಿ, ತಮ್ಮ ಬಾಗಿಲ ಮುಂದೆ.

ಬೆಳಿಗ್ಗೆ ಏಳರಿಂದ ಹತ್ತರ ನಡುವೆ ನೋಡಿ. ಆರು ಎಸಳುಗಳಲ್ಲಿ ಮೂರು ಅಗಲ, ಮೂರು ಕಿರಿದು. ಗಂಟಲಿನ ಹಸಿರು ಹಳದಿಗೆ ತಿರುಗಿ ಎಸಳಿನ ಬಣ್ಣದಲ್ಲಿ ಕರಗುವ ರೀತಿ ತಳಿಯಿಂದ ತಳಿಗೆ ಬೇರೆ. ಗಾಢ ಕೆಂಪು, ನೇರಳೆ ಹೂಗಳು ಮಧ್ಯಾಹ್ನದ ಬಿಸಿಲಿಗೆ ಸೊಪ್ಪಾಗುತ್ತವೆ. ತಿಳಿಹಳದಿ, ಪೀಚ್, ಕೆನೆಬಣ್ಣದವು ತಾಳಿಕೊಳ್ಳುತ್ತವೆ. ಪಶ್ಚಿಮದ ಬಿಸಿಲು ಬೀಳುವ ಮನೆಯವರು ತಿಳಿಬಣ್ಣವನ್ನೇ ಆರಿಸಬೇಕು. ಕೆಲವು ಹಳದಿ ಜಾತಿಗಳು ಸಂಜೆ ಅರಳಿ ರಾತ್ರಿ ಪರಿಮಳ ಬೀರುತ್ತವೆ. ತವರಿನಲ್ಲಿ ಅವುಗಳ ಪರಾಗ ಸಾಗಿಸುವುದು ಇರುಳು ಪತಂಗಗಳು, ಹಗಲು ಅರಳುವ ಕಿತ್ತಳೆ ಜಾತಿಯದನ್ನು ಚಿಟ್ಟೆಗಳು. ಚೀನೀಯರು ಇದನ್ನು ಪ್ರಾಚೀನ ಕಾಲದಿಂದ ತಾಯಿಯ ಹೂ ಎಂದು ಗೌರವಿಸಿದ್ದಾರೆ. ದುಃಖ ಮರೆಸುವ ಗಿಡವೆಂದು ಮನೆಯಂಗಳದಲ್ಲಿ ನೆಟ್ಟಿದ್ದಾರೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಚೀನಾದ ಅಡುಗೆಯಲ್ಲಿ ಒಂದು ಜಾತಿಯ ಡೇ ಲಿಲಿಯ ಒಣಮೊಗ್ಗು ಬಳಸುತ್ತಾರೆ. ಅದನ್ನು ಕೇಳಿ ಇಲ್ಲಿ ಯಾರೂ ಲಿಲಿಯ ಮೊಗ್ಗು ತಿನ್ನಲು ಹೋಗಬಾರದು. ನರ್ಸರಿ ಗಿಡಕ್ಕೆ ಔಷಧ ಹೊಡೆದಿರುತ್ತಾರೆ. ಲಿಲಿ ಎಂಬ ಹೆಸರಿನ ಹಲವು ಗಿಡಗಳು, ನಮ್ಮ ಅಗ್ನಿಶಿಖೆಯೂ ಸೇರಿ, ವಿಷ. ಬೆಕ್ಕು ಸಾಕಿದವರು ಡೇ ಲಿಲಿಯನ್ನು ಅದಕ್ಕೆ ಎಟುಕದಂತೆ ಇಡಬೇಕು. ಎಲೆ, ಹೂ, ಪರಾಗ ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಓದುಗರಲ್ಲಿ ಎರಡು ಕೋರಿಕೆ. ಗಿಡ ತಂದ ದಿನವೇ ತಳಿಯ ಹೆಸರು, ಗೊತ್ತಿಲ್ಲದಿದ್ದರೆ ಬಣ್ಣ ಮತ್ತು ಮೊದಲ ದಂಟು ಎದ್ದ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಎರಡನೇ ಸುತ್ತು, ಮೂರನೇ ಸುತ್ತು ಬಂದಾಗಲೂ ಬರೆಯಿರಿ. ಮೂರು ವರ್ಷದ ಆ ಚೀಟಿ ಯಾವ ಕೆಟಲಾಗಿಗಿಂತಲೂ ನಂಬಿಕೆಯದು, ಏಕೆಂದರೆ ಅದು ಈ ನೆಲದ ಲೆಕ್ಕ. ಬುಡ ಬಿಡಿಸುವ ವರ್ಷ ಬಂದಾಗ ಚೆನ್ನಾಗಿ ಹೂ ಬಿಟ್ಟ ಗಿಡದ ಒಂದು ಸೀಳನ್ನು ಆ ಚೀಟಿಯ ಪ್ರತಿಯೊಂದಿಗೆ ನೆರೆಮನೆಗೆ ಕೊಡಿ. ಗಡಿನಾಡಿನ ಹವೆಗೆ ಒಗ್ಗಿದ ತಳಿ ಮನೆಯಿಂದ ಮನೆಗೆ ಹಬ್ಬುವುದು ಹಾಗೆಯೇ.